ಮೀನಿನ ತೊಟ್ಟಿ ತರುವ ಮುನ್ನ

ನೀರನ್ನು ಸೋಸದೆ ಕುಡಿಯದ ಮನೆ ನಮ್ಮದು. ಆ ಮನೆಯಲ್ಲೇ 2022ರ ಬೇಸಿಗೆಯಲ್ಲಿ ನಾಲ್ಕು ಮೀನುಗಳು ಐದೇ ದಿನದಲ್ಲಿ ಸತ್ತವು. ಬರೆಯಲು ಸಂಕೋಚವಾದರೂ ಇತರರ ಮನೆಯಲ್ಲಿ ಹೀಗಾಗದಿರಲೆಂದು ಬರೆಯುತ್ತಿದ್ದೇವೆ.

ಆ ರಜೆಯಲ್ಲಿ ತೇನಿಯಿಂದ ಮೊಮ್ಮಕ್ಕಳನ್ನು ಕರೆದುಕೊಂಡು ಉತ್ತಮಪಾಳ್ಯಂಗೆ ಹೋಗಿ, ಬಂಡೆಯಲ್ಲಿ ಕೊರೆದ ತೀರ್ಥಂಕರರ ಬಿಂಬಗಳ ದರ್ಶನ ಮಾಡಿದ್ದೆವು. ದಾರಿಯಲ್ಲಿ ಲಾಂಛನಗಳ ಮಾತು ಬಂತು. ಅರನಾಥ ತೀರ್ಥಂಕರರ ಲಾಂಛನ ಮೀನು ಎಂದು ಹೇಳಿದ್ದೇ ತಡ, ಕಿರಿಯವನು ಮೀನು ಬೇಕೆಂದು ಹಟ ಹಿಡಿದ. ಮುಂದಿನ ವಾರ ವ್ಯಾಪಾರಕ್ಕೆ ದಿಂಡಿಗಲ್ಲಿಗೆ ಹೋದಾಗ ಒಂದು ಅಂಗಡಿಯಿಂದ ದುಂಡು ಗಾಜಿನ ಬೋಗುಣಿಯನ್ನೂ ನಾಲ್ಕು ಗೋಲ್ಡ್ ಫಿಶ್‌ಗಳನ್ನೂ ತಂದೆವು. ನಲ್ಲಿ ನೀರು ತುಂಬಿದೆವು, ಮಕ್ಕಳು ಹಿಡಿ ಹಿಡಿಯಾಗಿ ಆಹಾರ ಹಾಕಿದರು. ಐದನೆಯ ದಿನ ಮಗು ಕೇಳಿತು: "ಅಜ್ಜಾ, ಈ ಪಾಪ ಯಾರಿಗೆ?"

ಉತ್ತರ ಹೊಳೆಯಲಿಲ್ಲ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದು ಬಂಧ, ಕೊನೆಯದು ಅನ್ನಪಾನನಿರೋಧ. ತೊಟ್ಟಿಯಲ್ಲಿಡುವುದು ಬಂಧವೇ ಎಂದು ನಮ್ಮ ಎಣಿಕೆ. ತಾರದಿದ್ದರೆ ಬಹಳ ಒಳ್ಳೆಯದು. ಮಕ್ಕಳ ಹಟಕ್ಕೆ ತರುವವರು ಇಷ್ಟನ್ನಾದರೂ ತಿಳಿದಿರಬೇಕು.

ಮೀನಿನ ಮಲ ಮತ್ತು ಉಳಿದ ಆಹಾರ ಕೊಳೆತು ಅಮೋನಿಯ ಆಗುತ್ತದೆ. ಅದು ಮೀನಿಗೆ ವಿಷ. ಹಳೆಯ ತೊಟ್ಟಿಯ ಸ್ಪಂಜು, ಕಲ್ಲುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್, ಬಳಿಕ ಕಡಿಮೆ ಅಪಾಯದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಇವು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ನಮ್ಮ ಬೋಗುಣಿಗೆ ನಾವು ಒಂದು ದಿನವನ್ನೂ ಕೊಟ್ಟಿರಲಿಲ್ಲ. ಸಾಲದ್ದಕ್ಕೆ ನಲ್ಲಿ ನೀರಿನ ಕ್ಲೋರಿನ್. ಗೋಲ್ಡ್ ಫಿಶ್ ಅಂಗೈಯುದ್ದಕ್ಕಿಂತ ಹೆಚ್ಚು ಬೆಳೆಯುವ ಮೀನು, ಬೋಗುಣಿ ಅದಕ್ಕೆ ಜಾಗವೇ ಅಲ್ಲ.

ಎರಡನೆಯ ಸಲ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ತಂದೆವು. ಅದರಲ್ಲಿ ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ಕಲ್ಲು, ಗಾಜು ಸೇರಿ ಭಾರ 70 ಕಿಲೋ ಮೀರುವುದರಿಂದ ಗಟ್ಟಿ ಮೇಜು ಬೇಕು. ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟರೆ ಪಾಚಿ ಕಟ್ಟುತ್ತದೆ. ನೀರನ್ನು ಒಂದು ದಿನ ತೆರೆದ ಪಾತ್ರೆಯಲ್ಲಿಟ್ಟು ತುಂಬಿ, ಸ್ಪಂಜು ಫಿಲ್ಟರು ಓಡಿಸಿ, ಮೀನಿಲ್ಲದೆ ದಿನಕ್ಕೊಂದು ಚಿಟಿಕೆ ಆಹಾರ ಹಾಕುತ್ತ ಆರು ವಾರ ಕಾದೆವು. ಮಗು ದಿನವೂ ಕ್ಯಾಲೆಂಡರಿನಲ್ಲಿ ಗೆರೆ ಹಾಕುತ್ತಿತ್ತು. ಈಗ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುತ್ತೇವೆ. ಸ್ಪಂಜನ್ನು ಹೊರತೆಗೆದ ಆ ನೀರಿನಲ್ಲಿಯೇ ಹಿಂಡಬೇಕು. ನಲ್ಲಿಯ ಕೆಳಗೆ ತೊಳೆದರೆ ಆರು ವಾರದ ಫಲ ಹೋಯಿತು.

ಆಹಾರದ ಡಬ್ಬಿಯ ಹಿಂಭಾಗವನ್ನು ತಪ್ಪದೆ ಓದಿರಿ. ಹೆಚ್ಚಿನವುಗಳಲ್ಲಿ ಮೀನಿನ ಪುಡಿ, ಸಿಗಡಿ ಪುಡಿ ಇರುತ್ತದೆ. ಅಂಗಡಿಯವರು ಜೀವಂತ ಹುಳುಗಳನ್ನೂ ಕಟ್ಟಿಕೊಡುತ್ತಾರೆ. ಆದ್ದರಿಂದ ಮೀನನ್ನು ಆರಿಸುವಾಗಲೇ ಅದರ ಊಟವನ್ನು ನೋಡಬೇಕು. ಫೈಟರ್ ಮೀನಿನ ಸ್ವಭಾವ ಹುಳು ತಿನ್ನುವುದು. ಅದನ್ನು ತಂದು ಸೊಪ್ಪು ಹಾಕಿದರೆ ಅನ್ನಪಾನನಿರೋಧವೇ ಸರಿ. ನಾವು ತಂದದ್ದು ಹೆಚ್ಚಾಗಿ ಪಾಚಿ ಮೇಯುವ ಮೋಲಿ ಮೀನು, ಆರು. ಗಡಸು ನೀರೂ ಅವುಗಳಿಗೆ ಒಗ್ಗುತ್ತದೆ. ಸ್ಪಿರುಲಿನಾ, ಬೇಯಿಸಿ ಸಿಪ್ಪೆ ತೆಗೆದ ಬಟಾಣಿ, ಬೆಂದ ಪಾಲಕ್ ಕೊಡುತ್ತೇವೆ. ಎರಡು ಮೂರು ನಿಮಿಷದಲ್ಲಿ ಮುಗಿಯುವಷ್ಟೇ. ಆದರೂ ಅವು ಪೂರ್ಣ ಸಸ್ಯಾಹಾರಿಗಳೆಂದು ನಾವು ಹೇಳಲಾರೆವು. ತಮ್ಮ ಮರಿಗಳನ್ನೇ ನುಂಗಿದ್ದನ್ನು ಕಣ್ಣಾರೆ ಕಂಡಿದ್ದೇವೆ. ಹೆಣ್ಣು ಮೋಲಿ ಹೆಚ್ಚಾಗಿ ಗರ್ಭ ಹೊತ್ತೇ ಮನೆಗೆ ಬರುತ್ತದೆ, ಗಂಡನ್ನೇ ಆರಿಸುವುದು ಮೇಲು.

'ಮಿಸ್ ಕೇರಳ' ಎಂಬ ಕೆಂಪು ಗೆರೆಯ ಮೀನು ಚೆಂದವೇ. ಆದರೆ ಪಶ್ಚಿಮಘಟ್ಟದ ಹೊಳೆಗಳಿಂದ ಹಿಡಿದು ಹಿಡಿದು ಅದು ಅಳಿವಿನ ಅಂಚಿಗೆ ಬಂದಿದೆ, ಬೇಡ.

ಸಾಕಲಾರದೆ, ಜೀವದಯೆಯೆಂದು ಸುರುಳಿ ಹೊಳೆಗೋ ವೈಗೈ ಅಣೆಕಟ್ಟಿಗೋ ಮೀನು ಬಿಡುವ ಯೋಚನೆ ಕೆಲವರಿಗೆ ಬರುತ್ತದೆ. ಮಾಡಬೇಡಿರಿ. ತೊಟ್ಟಿ ತೊಳೆಯುವ ಮೀನೆಂದು ಮಾರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆಯೇ ಹೊರಬಿದ್ದು ತಮಿಳುನಾಡು, ಕೇರಳದ ಕೆರೆಗಳಲ್ಲಿ ಹೆಚ್ಚಿ, ಅಲ್ಲಿಯ ಮೀನುಗಳಿಗೆ ಕಂಟಕವಾಗಿದೆ. ಅಂಗಡಿಗೋ ಸಾಕುವವರಿಗೋ ಕೊಡುವುದು ಸರಿ.

ಶ್ರವಣಬೆಳಗೊಳಕ್ಕೆ ಮೂರು ದಿನ ಹೋಗುವುದಾದರೆ ಚಿಂತೆಯಿಲ್ಲ. ಬೆಳೆದ, ಆರೋಗ್ಯದ ಮೀನುಗಳು ಅಷ್ಟು ದಿನ ಉಪವಾಸ ತಾಳುತ್ತವೆ. ಪಕ್ಕದ ಮನೆಯವರು ಪ್ರೀತಿಯಿಂದ ಸುರಿಯುವ ಆಹಾರವೇ ಹೆಚ್ಚು ಅಪಾಯ.

ಈಗ ತೊಟ್ಟಿಯ ಯಜಮಾನ ಮೊಮ್ಮಗನೇ. ಸೂರ್ಯಾಸ್ತಕ್ಕೆ ಮುನ್ನವೇ ಬಟಾಣಿ ಹಾಕಿ ಮುಚ್ಚಳ ಮುಚ್ಚುತ್ತಾನೆ. ಮೀನಿಗೂ ರಾತ್ರಿಭೋಜನ ಸಲ್ಲದಂತೆ.