ಉಪ್ಪು, ಜಿಡ್ಡು, ಹುಳಿ, ಬಿಸಿ: ವಾರಾಹಿ ದಂಡೆಯಲ್ಲೇ ನಾಲ್ಕು ಕಂತು

ನಿಮಗಿದು ಗೊತ್ತೇ? ನೆಟ್‌ಫ್ಲಿಕ್ಸ್‌ನಲ್ಲಿ 2018ರಲ್ಲಿ ಬಂದ 'ಸಾಲ್ಟ್ ಫ್ಯಾಟ್ ಆ್ಯಸಿಡ್ ಹೀಟ್' ಸಾಕ್ಷ್ಯಚಿತ್ರ ಸರಣಿಗೆ ಇದ್ದದ್ದು ನಾಲ್ಕೇ ಕಂತು. ಅಡುಗೆಗಾರ್ತಿ ಸಮೀನ್ ನೊಸ್ರತ್ ಜಿಡ್ಡಿಗೆ ಇಟಲಿ, ಉಪ್ಪಿಗೆ ಜಪಾನ್, ಹುಳಿಗೆ ಮೆಕ್ಸಿಕೊದ ಯುಕಟಾನ್, ಬಿಸಿಗೆ ಕ್ಯಾಲಿಫೋರ್ನಿಯಾ ಸುತ್ತಿದರು. ಈ ನಾಲ್ಕೂ ಕುಂದಾಪುರದ ಬಳಿ, ವಾರಾಹಿ ದಂಡೆಯ ಹಟ್ಟಿಯಂಗಡಿಯ ಒಂದೇ ಅಡುಗೆಮನೆಯಲ್ಲಿ ಸಿಗುತ್ತವಲ್ಲ ಎಂದು ಅದನ್ನು ನೋಡುವಾಗೆಲ್ಲ ನನಗೆ ಅನ್ನಿಸಿದೆ.

ಯುಕಟಾನ್‌ನಲ್ಲಿ ಅವರು ನೋಡಿದ್ದು ಚುಚ್ಚದ ಜೇನುಹುಳುಗಳ ಹುಳಿಮಿಶ್ರಿತ ತುಪ್ಪ. ಅವುಗಳ ದಾಯಾದಿಗಳು ನಮ್ಮ ಹಳೇ ಮನೆಗಳ ಗೋಡೆಯ ಬಿರುಕಿನಲ್ಲೇ ಇವೆ: ಮಿಸರಿ, ತುಳುವಿನಲ್ಲಿ ಮುಜಂಟಿ. ಇದರ ತುಪ್ಪಕ್ಕೂ ಅದೇ ಹುಳಿ. ಮನೆಮದ್ದಿಗೆಂದು ಜೋಪಾನ ಮಾಡುತ್ತಾರೆ.

ಕೆಸುವಿನ ಎಲೆಯ ಪತ್ರೊಡೆಗೆ ಹುಳಿ ಯಾಕೆ? ಆ ಎಲೆಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ, ಗಂಟಲು ಕೆರೆಯುವುದು ಅವುಗಳಿಂದ. ಹುಣಸೆಹುಳಿ ಆ ತುರಿಕೆಯನ್ನು ತಗ್ಗಿಸುತ್ತದೆ. ರುಚಿಗಷ್ಟೇ ಅಲ್ಲ, ನಾಲಿಗೆಯನ್ನು ಕಾಯಲಿಕ್ಕೂ ಹುಳಿ ಬೇಕು. ಹುಣಸೆ ಬಿಟ್ಟರೆ ಅಮಟೆ, ಬಿಂಬಲಿ, ಪುನರ್ಪುಳಿ: ಎಷ್ಟೊಂದು ಹುಳಿ ನಮ್ಮಲ್ಲಿ!

ಇನ್ನು ಜಿಡ್ಡಿನ ಕಂತು. ಗೀ ರೋಸ್ಟ್‌ನ ತುಪ್ಪ ಕೆಂಪಾಗುವುದೇಕೆ? ಮೆಣಸಿನ ಬಣ್ಣ ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಬಿಡುತ್ತದೆ. ಬ್ಯಾಡಗಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಕುಂದಾಪುರದ ಈ ತಿನಿಸಿಗೆ ಅದೇ ಮೆಣಸಾಗಬೇಕು. ಬ್ಯಾಡಗಿಗೆ ಭೌಗೋಳಿಕ ಸೂಚಿಕೆ ಸಿಕ್ಕಿದ್ದು 2011ರಲ್ಲಿ.

ಉಪ್ಪಿನ ಕಂತು ಮಳೆಗಾಲದ್ದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಗಂಜಿಗೆ ಜೊತೆಯಾಗುವುದು ಬೇಸಗೆಯಲ್ಲಿ ಉಪ್ಪು ಹಾಕಿ ಒಣಗಿಸಿದ ಮೀನು.

ಬಿಸಿಗೆ ಕೊಟ್ಟೆ ಕಡುಬು ಸಾಕು. ಹಲಸಿನ ನಾಲ್ಕು ಎಲೆಗೆ ಕಡ್ಡಿ ಚುಚ್ಚಿ ಕೊಟ್ಟೆ ಕಟ್ಟಿ, ಹಿಟ್ಟು ಹೊಯ್ದು ಹಬೆಗೆ ಇಟ್ಟರೆ ಎಲೆಯ ಪರಿಮಳವೂ ಕಡುಬಿಗೆ ಇಳಿಯುತ್ತದೆ.

ಸಮೀನ್ ಅವರಂತೆ ಊರಾಚೆ ಹೋಗಿ ನೋಡಿ ಬಂದವರು ನಮ್ಮಲ್ಲೂ ಇದ್ದರು. ಬೆಂಗಳೂರಿನ ಎಂ.ಟಿ.ಆರ್. ಹೋಟೆಲನ್ನು 1924ರಲ್ಲಿ ಕಟ್ಟಿದ ಮಯ್ಯ ಸಹೋದರರು ಕೋಟದ ಬಳಿಯ ಪಾರಂಪಳ್ಳಿಯವರು. ಅವರಲ್ಲೊಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿ ಬಂದಿದ್ದರು. ಅಡುಗೆಗಾಗಿ ಲೋಕ ಸುತ್ತುವುದು ನಮ್ಮವರಿಗೆ ಟಿವಿ ಕಲಿಸಿದ್ದಲ್ಲ.

ಇನ್ನು ಚೀನಾದ ಸಾಕ್ಷ್ಯಚಿತ್ರ 'ಎ ಬೈಟ್ ಆಫ್ ಚೈನಾ'. 2012ರ ಮೊದಲ ಸರಣಿಯ 7 ಕಂತುಗಳಲ್ಲಿ ಹೆಸರಾಂತ ಬಾಣಸಿಗರಿಗಿಂತ ಕೆಸರಿನಿಂದ ಕಮಲದ ಗೆಡ್ಡೆ ಕೀಳುವವರು, ಬಿದಿರಿನ ಕಳಲೆ ಅಗೆಯುವವರು ಎದ್ದು ಕಾಣುತ್ತಾರೆ. ನಮ್ಮಲ್ಲೂ ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ದಿನಗಟ್ಟಲೆ ನೆನೆಸುತ್ತಾರೆ, ಅದರ ಕಹಿಯೂ ವಿಷಾಂಶವೂ ಬಿಟ್ಟುಹೋಗಲೆಂದು. ಈ ಜಾಣ್ಮೆಯಿರುವ ಕೈಗಳ ಮುಂದೆ ಒಂದು ಕ್ಯಾಮೆರಾ ತಾಳ್ಮೆಯಿಂದ ಕೂರಬೇಕು ಎಂಬುದು ನನ್ನ ಆಸೆ. ಆ ಚಿತ್ರ ವಿಶ್ವ ಕುಂದಾಪ್ರ ಕನ್ನಡ ದಿನವೂ ಆಗಿರುವ ಆಸಾಡಿ ಅಮಾಸಿಯಂದೇ ಬಂದರೆ ಚೆಂದ. ಹಿನ್ನೆಲೆಗೆ ಬೇರೆ ದನಿ ಬೇಡ, ಜಗಲಿಯಿಂದ ಕೇಳುವ ಕರೆ ಸಾಕು: "ಹ್ವಾಯ್, ಉಂಬುಕೆ ಬನ್ನಿ!"