ವಕಾಲತ್ತಿಗೆ ಸಹಿ ಹಾಕಿದ ಮೇಲೆ: ಹುಲೇಕಲ್‌ನಿಂದ ಶಿರಸಿ ಕೋರ್ಟಿನವರೆಗೆ ಕಕ್ಷಿದಾರನ ಹಾದಿ

ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲ್ಲೂಕಿನಲ್ಲಿ ಹುಲೇಕಲ್ ಒಂದು ಹೋಬಳಿ ಕೇಂದ್ರ. ಅಡಿಕೆ ತೋಟ, ತೋಟಕ್ಕೆ ಹೊಂದಿಕೊಂಡ ಸೊಪ್ಪಿನ ಬೆಟ್ಟ, ಅಲ್ಪಸ್ವಲ್ಪ ಗದ್ದೆ, ಇವೇ ಇಲ್ಲಿನ ಬದುಕಿನ ಆಧಾರ. ವ್ಯಾಜ್ಯಗಳಿಗೂ ಇವೇ ಆಧಾರ. ಆದರೆ ನ್ಯಾಯಾಲಯ ಬೇಕೆಂದರೆ ಶಿರಸಿಯ ಬಸ್ಸು ಹತ್ತಬೇಕು. ಕಂದಾಯದ ಮೇಲ್ಮನವಿಗೆ ಶಿರಸಿಯ ಉಪವಿಭಾಗಾಧಿಕಾರಿ, ಅದಕ್ಕೂ ಮೇಲಕ್ಕೆ ಕಾರವಾರದ ಜಿಲ್ಲಾಧಿಕಾರಿ. ಹೈಕೋರ್ಟಿಗೆ ಹೋಗಬೇಕಾಗಿ ಬಂದರೆ 2008ರ ಜುಲೈವರೆಗೆ ಬೆಂಗಳೂರೇ ಗತಿಯಾಗಿತ್ತು. ಆ ತಿಂಗಳು ಧಾರವಾಡದಲ್ಲಿ ಸಂಚಾರಿ ಪೀಠ ಆರಂಭವಾಯಿತು, 2013ರ ಆಗಸ್ಟ್‌ನಲ್ಲಿ ಅದು ಕಾಯಂ ಪೀಠವಾಯಿತು. ಈ ಮೆಟ್ಟಿಲುಗಳ ಪೈಕಿ ಬಹುತೇಕ ಕಡೆ ಹೊಸ ವಕೀಲರು, ಹೊಸ ಶುಲ್ಕ, ಹೊಸ ವಕಾಲತ್ತು. ಕಕ್ಷಿದಾರ ಮಾತ್ರ ಅದೇ ಹಳೆಯ ಕೈಚೀಲ ಹಿಡಿದ ಮನುಷ್ಯ.

ವಕೀಲರ ಬಗೆಗೆ ಈ ಭಾಗದಲ್ಲಿ ಕೇಳಿಬರುವ ಮಾತುಗಳಿಗೆ ಎರಡು ಮುಖಗಳಿವೆ. ಮನೆಯ ವೈದ್ಯರಂತೆ ಮೂರು ತಲೆಮಾರಿಗೆ ಸಲಹೆ ಕೊಟ್ಟ ವಕೀಲರನ್ನು ಗೌರವದಿಂದ ನೆನೆಯುವವರಿದ್ದಾರೆ. ಹತ್ತು ವರ್ಷ ಅಲೆದರೂ ತನ್ನ ದಾವೆ ಯಾವ ಹಂತದಲ್ಲಿದೆಯೆಂದು ತಿಳಿಯದೆ ಹೋಯಿತೆಂದು ಹಲುಬುವವರೂ ಇದ್ದಾರೆ. ಎರಡನೆಯವರ ಅಸಮಾಧಾನದ ಮೂಲವನ್ನು ಕೆದಕಿದರೆ ವಂಚನೆಗಿಂತ ಹೆಚ್ಚಾಗಿ ಕಾಣುವುದು ಮಾಹಿತಿಯ ಕೊರತೆ. ವಕೀಲರು ಹೇಳಲಿಲ್ಲ, ಇವರು ಕೇಳಲಿಲ್ಲ.

ಮೊದಲಿಗೆ ಯಾವ ಬಗೆಯ ವ್ಯಾಜ್ಯಗಳೆಂಬುದನ್ನು ನೋಡೋಣ. ಅಣ್ಣತಮ್ಮಂದಿರ ಪಾಲು ಇಲ್ಲಿ ಬಹುಕಾಲದಿಂದ ಇದ್ದದ್ದೇ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿ ಹಾಗೂ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ನಂತರ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹಕ್ಕು ಸ್ಪಷ್ಟವಾಗಿದೆ. ದಾರಿ, ನೀರಿನ ಕಾಲುವೆ, ಗಡಿಯ ತಂಟೆಗಳು ಮತ್ತೊಂದು ಬಗೆ. ಸೊಪ್ಪಿನ ಬೆಟ್ಟದ ವಿಷಯ ಇನ್ನೂ ಸೂಕ್ಷ್ಮವಾದದ್ದು. ತೋಟಿಗನಿಗೆ ಬೆಟ್ಟದ ಮೇಲಿರುವುದು ಸೊಪ್ಪು, ದರಕು ತರುವ ಸವಲತ್ತೇ ಹೊರತು ಒಡೆತನವಲ್ಲ. ತಲೆಮಾರುಗಳಿಂದ ಬೇಲಿ ಹಾಕಿ ಕಾಯ್ದುಕೊಂಡು ಬಂದವನಿಗೆ ಈ ಮಾತು ರುಚಿಸುವುದಿಲ್ಲ. ಅದನ್ನು ಮೊದಲ ಭೇಟಿಯಲ್ಲಿಯೇ ನೇರವಾಗಿ ಹೇಳುವ ವಕೀಲರು ಕಕ್ಷಿದಾರನನ್ನು ಕಳೆದುಕೊಳ್ಳುವ ಸಂಭವ ಉಂಟು. ಆದರೂ ಹೇಳುವವರೇ ನಂಬಿಕೆಗೆ ಅರ್ಹರು ಎಂಬುದು ಈ ಲೇಖಕನ ಅಭಿಪ್ರಾಯ.

ಅರಣ್ಯ ಹಕ್ಕು ಕಾಯ್ದೆಯಡಿಯ ಅರ್ಜಿಯ ವಿಷಯದಲ್ಲಂತೂ ವಕೀಲರೇ ಬೇಕೆಂಬ ತಪ್ಪು ತಿಳಿವಳಿಕೆ ಇದೆ. 2006ರ ಈ ಕಾಯ್ದೆಯಂತೆ ಅರ್ಜಿ ಸಲ್ಲಿಕೆಯಾಗುವುದು ಗ್ರಾಮ ಸಭೆಗೆ, ಪರಿಶೀಲಿಸುವುದು ಅರಣ್ಯ ಹಕ್ಕು ಸಮಿತಿ, ಅನಂತರ ಉಪವಿಭಾಗ ಮತ್ತು ಜಿಲ್ಲಾ ಮಟ್ಟದ ಸಮಿತಿಗಳು. ಗ್ರಾಮ ಸಭೆಯ ನಿರ್ಣಯದ ವಿರುದ್ಧ 60 ದಿನಗಳೊಳಗೆ ಉಪವಿಭಾಗ ಸಮಿತಿಗೆ ಮನವಿ ಸಲ್ಲಿಸಬಹುದು. ಪರಿಶಿಷ್ಟ ಪಂಗಡದವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸ ತೋರಿಸಬೇಕೆಂಬುದೇ ಇಲ್ಲಿನ ತೊಡಕು. ಇದಕ್ಕೆ ಬೇಕಾದದ್ದು ಹಳೆಯ ದಾಖಲೆ ಹುಡುಕುವ ತಾಳ್ಮೆ, ದೊಡ್ಡ ವಕೀಲರಲ್ಲ.

ಪ್ರಾಸಂಗಿಕವಾಗಿ ಒಂದು ಮಾತು. ಉಳುವವನೇ ಹೊಲದೊಡೆಯ ಎಂಬ ಘೋಷಣೆಯೊಂದಿಗೆ 1974ರಲ್ಲಿ ಜಾರಿಯಾದ ಭೂಸುಧಾರಣಾ ತಿದ್ದುಪಡಿಯಲ್ಲಿ ಭೂನ್ಯಾಯ ಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿಲ್ಲ ಎಂದು 48(8)ನೇ ಕಲಮು ಹೇಳುತ್ತಿತ್ತು. ಬಡ ಗೇಣಿದಾರನ ಎದುರು ಭೂಮಾಲೀಕ ದೊಡ್ಡ ವಕೀಲರನ್ನು ತಂದು ನಿಲ್ಲಿಸಬಾರದೆಂಬ ಸದುದ್ದೇಶ ಅದರ ಹಿಂದೆ ಇದ್ದಿರಬಹುದು. 1987ರಲ್ಲಿ ಎಚ್.ಎಸ್. ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ನಿರ್ಬಂಧವನ್ನು ತೆಗೆದುಹಾಕಿತು. ಗೇಣಿ ಪ್ರಕರಣಗಳು ಹೇರಳವಾಗಿದ್ದ ಈ ಜಿಲ್ಲೆಯ ಹಿರಿಯರಲ್ಲಿ ವಕೀಲರಿಲ್ಲದೆ ಮಂಡಳಿಯ ಮುಂದೆ ನಿಂತವರೂ ಇದ್ದಾರೆ, ನಿಂತು ಗೆದ್ದವರೂ ಇದ್ದಾರೆ.

ಆಯ್ಕೆ ಎಂಬ ಮೊದಲ ತೊಡಕು

ವಕೀಲರು ಜಾಹೀರಾತು ನೀಡುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಅದನ್ನು ನಿಷೇಧಿಸಿದೆ. ಹೀಗಾಗಿ ಹಳ್ಳಿಯ ಕಕ್ಷಿದಾರನಿಗೆ ಉಳಿಯುವುದು ಬಾಯಿಮಾತಿನ ಶಿಫಾರಸು ಮಾತ್ರ. ಭಾವನ ಕೇಸು ನಡೆಸಿದವರು, ಪಕ್ಕದ ಊರಿನವರು, ಸೊಸೈಟಿಯ ಅಧ್ಯಕ್ಷರಿಗೆ ಬೇಕಾದವರು, ಹೀಗೆ ಶೋಧ ಮುಗಿಯುತ್ತದೆ. ಪರಿಚಯದವರೆಂಬುದು ಒಂದು ರೀತಿಯಲ್ಲಿ ಅನುಕೂಲ; ಮತ್ತೊಂದು ರೀತಿಯಲ್ಲಿ ಅದೇ ಬಾಯಿ ಕಟ್ಟುತ್ತದೆ. ಶುಲ್ಕ ಎಷ್ಟೆಂದು ಕೇಳಲು ಸಂಕೋಚ, ರಸೀದಿ ಕೇಳಲು ಇನ್ನೂ ಸಂಕೋಚ. ಪಾಲಿನ ದಾವೆಯಲ್ಲಿಯಂತೂ ಅಣ್ಣತಮ್ಮಂದಿರಿಬ್ಬರಿಗೂ ಒಬ್ಬರೇ ವಕೀಲರ ಪರಿಚಯವಿರುವುದು ಅಪರೂಪವೇನಲ್ಲ. ದಾವೆ ಹೂಡುವ ಬಗ್ಗೆ ಒಬ್ಬರಿಗೆ ಸಲಹೆ ಕೊಟ್ಟ ವಕೀಲರು ಎದುರು ಪಕ್ಷದ ಪರ ನಿಲ್ಲುವಂತಿಲ್ಲವೆಂದು ಪರಿಷತ್ತಿನ 33ನೇ ನಿಯಮ ಸ್ಪಷ್ಟಪಡಿಸಿದೆ. ಆದ್ದರಿಂದ ನಮ್ಮ ಮನೆಯವರು ಯಾರಾದರೂ ಮೊದಲೇ ನಿಮ್ಮನ್ನು ಕಂಡಿದ್ದಾರೆಯೆ ಎಂದು ಆರಂಭದಲ್ಲಿಯೇ ಕೇಳಿಬಿಡುವುದು ಲೇಸು.

ಶುಲ್ಕದ ವಿಷಯಕ್ಕೆ ಬರೋಣ. ಇಲ್ಲಿನ ಬೆಳೆಗಾರ ಅಡಿಕೆ ಮೂಟೆಯನ್ನು ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿಯಂತಹ ಸಹಕಾರಿ ಸಂಘಕ್ಕೆ ಒಯ್ದರೆ ತೂಕ, ದರ, ವಟಾವು ಎಲ್ಲವೂ ಬರೆದ ಪಟ್ಟಿ ಕೈಗೆ ಬರುತ್ತದೆ. 1923ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ ಮತ್ತು ಅದರಂಥ ಸಂಘಗಳು ಈ ಭಾಗದ ರೈತನಿಗೆ ಲೆಕ್ಕದ ಶಿಸ್ತು ಕಲಿಸಿವೆ. ಆದರೆ ಅದೇ ಪಟ್ಟಿಯ ಹಣದಲ್ಲಿ ಒಂದು ಪಾಲನ್ನು ವಕೀಲರ ಕಚೇರಿಯಲ್ಲಿ ಕೊಟ್ಟು ಬರುವಾಗ ಅದೇ ರೈತ ಒಂದು ಚೀಟಿಯನ್ನೂ ಕೇಳುವುದಿಲ್ಲ. ಎಷ್ಟು ಕೋರ್ಟ್ ಶುಲ್ಕಕ್ಕೆ, ಎಷ್ಟು ಟೈಪಿಂಗ್ ಮತ್ತು ನಕಲಿಗೆ, ಎಷ್ಟು ವಕೀಲರ ಶ್ರಮಕ್ಕೆ ಎಂಬ ವಿಂಗಡಣೆ ಇಲ್ಲದೆ ಎಲ್ಲವೂ 'ಕೋರ್ಟಿಗೆ ಕಟ್ಟಿದ ದುಡ್ಡು' ಎಂಬ ಒಂದೇ ತಲೆಬರಹದಡಿ ಸೇರುತ್ತದೆ. ವಾಸ್ತವವೇನೆಂದರೆ, ವಾದಿಯು ಆಸ್ತಿಯ ಜಂಟಿ ಸ್ವಾಧೀನದಲ್ಲಿದ್ದರೆ ಪಾಲಿನ ದಾವೆಗೆ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯ್ದೆಯ 35ನೇ ಕಲಮಿನಂತೆ ತಗಲುವ ಶುಲ್ಕ ಹೆಚ್ಚೆಂದರೆ 200 ರೂಪಾಯಿ. ಸ್ವಾಧೀನದಿಂದ ಹೊರಗಿಡಲ್ಪಟ್ಟವನಾದರೆ ಮಾತ್ರ ಪಾಲಿನ ಮಾರುಕಟ್ಟೆ ಮೌಲ್ಯದ ಮೇಲೆ ಲೆಕ್ಕ ಹಾಕುತ್ತಾರೆ.

ವಕೀಲರ ಶುಲ್ಕಕ್ಕೆ ಕಾಯ್ದೆಯಲ್ಲಿ ಗರಿಷ್ಠ ಮಿತಿ ಇಲ್ಲ. ಅದು ಒಪ್ಪಂದದ ವಿಷಯ. ಆದರೆ ಗೆದ್ದರೆ ಇಷ್ಟು ಗುಂಟೆ, ಪರಿಹಾರ ಬಂದರೆ ಇಷ್ಟು ಶೇಕಡಾ ಎಂಬ ಮಾತುಕತೆ ಮಾತ್ರ ನಿಷಿದ್ಧ. ಫಲಿತಾಂಶವನ್ನು ಅವಲಂಬಿಸಿದ ಶುಲ್ಕವನ್ನು ಪರಿಷತ್ತಿನ 20ನೇ ನಿಯಮ ತಡೆಯುತ್ತದೆ. ಅಮೆರಿಕದಲ್ಲಿ ಅಪಘಾತ ಪರಿಹಾರದ ಪ್ರಕರಣಗಳಲ್ಲಿ ಇದು ಸಾಮಾನ್ಯ ಪದ್ಧತಿ, ನಮ್ಮಲ್ಲಿ ವೃತ್ತಿ ದುರ್ನಡತೆ. ಕಕ್ಷಿದಾರನಿಂದ ಪಡೆದ ಹಣಕ್ಕೆ ಲೆಕ್ಕವಿಡಬೇಕೆಂಬುದೂ ನಿಯಮಗಳಲ್ಲಿಯೇ ಇದೆ. ಆದ್ದರಿಂದ ಲೆಕ್ಕ ಕೇಳುವುದು ಅವಮಾನ ಮಾಡಿದಂತಲ್ಲ.

ಸಹಿ ಮತ್ತು ತಾರೀಖು

ವಕಾಲತ್ತುನಾಮೆ ಎಂಬುದು ಒಂದೇ ಹಾಳೆಯ ಕಾಗದ. ಕಕ್ಷಿದಾರರು ಅದನ್ನು ಓದುವುದು ತೀರ ಕಡಿಮೆ. ಗುಮಾಸ್ತರು ಬೆರಳು ತೋರಿಸಿದಲ್ಲಿ ಸಹಿ ಬೀಳುತ್ತದೆ. ಅದರಲ್ಲಿ ಹಣ ಪಡೆಯುವ, ರಾಜಿ ಮಾಡಿಕೊಳ್ಳುವ, ದಾವೆ ಹಿಂಪಡೆಯುವ ಅಧಿಕಾರಗಳೂ ಅಚ್ಚಾಗಿರುವುದುಂಟು. ಕಕ್ಷಿದಾರನ ಸ್ಪಷ್ಟ ಸೂಚನೆಯಿಲ್ಲದೆ ವಕೀಲರು ಅವನ ಹಕ್ಕನ್ನು ಬಿಟ್ಟುಕೊಡುವಂತಿಲ್ಲವೆಂದು 2015ರಲ್ಲಿ ಹಿಮಾಲಯನ್ ಸಹಕಾರಿ ಗೃಹ ನಿರ್ಮಾಣ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಿದ್ದರೂ ಸಹಿ ಹಾಕುವ ಮುನ್ನ ಆ ಸಾಲುಗಳನ್ನು ಓದಿಸಿಕೊಳ್ಳಬೇಕು. ಖಾಲಿ ಹಾಳೆಗೆ, ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕುವ ಅಗತ್ಯ ಯಾವ ದಾವೆಯಲ್ಲಿಯೂ ಇಲ್ಲ.

ಆನಂತರದ ಕಥೆಯೆಲ್ಲ ತಾರೀಖಿನದು. ಮುಂಗಾರಿನ ಕೊಳೆರೋಗಕ್ಕೆ ಔಷಧಿ ಸಿಂಪಡಿಸುವ ದಿನಗಳಲ್ಲಿ, ಚಳಿಗಾಲದ ಕೊನೆಕೊಯ್ಲಿನ ಗಡಿಬಿಡಿಯಲ್ಲಿ ನ್ಯಾಯಾಲಯದ ತಾರೀಖು ಬಂದರೆ ಬೆಳೆಗಾರ ಹೋಗುವುದಿಲ್ಲ. ವಕೀಲರು ನೋಡಿಕೊಳ್ಳುತ್ತಾರೆ ಎಂದುಕೊಳ್ಳುತ್ತಾನೆ. ವಕೀಲರು ಬೇರೆ ಕೋರ್ಟಿನಲ್ಲಿರುತ್ತಾರೆ, ಅಥವಾ ಅಂದು ಕಲಾಪ ಬಹಿಷ್ಕಾರವಿರುತ್ತದೆ. (ಮುಷ್ಕರ ಹೂಡುವ ಹಕ್ಕು ವಕೀಲರಿಗಿಲ್ಲವೆಂದು 2002ರಲ್ಲಿಯೇ ಹರೀಶ್ ಉಪ್ಪಲ್ ಪ್ರಕರಣದಲ್ಲಿ ತೀರ್ಪಾಗಿದೆ, ಬಹಿಷ್ಕಾರಗಳು ನಿಂತಿಲ್ಲ.) ವಾದಿಯ ಕಡೆ ಯಾರೂ ಇಲ್ಲದಿದ್ದರೆ ದಾವೆ ಗೈರುಹಾಜರಿಯಲ್ಲಿ ವಜಾ, ಪ್ರತಿವಾದಿಯ ಕಡೆ ಯಾರೂ ಇಲ್ಲದಿದ್ದರೆ ಏಕಪಕ್ಷೀಯ ಡಿಕ್ರಿ. ವಜಾ ಆದೇಶವನ್ನಾಗಲಿ ಏಕಪಕ್ಷೀಯ ಡಿಕ್ರಿಯನ್ನಾಗಲಿ ರದ್ದುಪಡಿಸಿಕೊಳ್ಳಲು ಅರ್ಜಿ ಸಲ್ಲಿಸಲು ಇರುವ ಅವಧಿ 30 ದಿನ. ತಡವಾದರೆ ಕಾರಣ ವಿವರಿಸಿ ವಿಳಂಬ ಮನ್ನಾ ಕೋರಬೇಕು. ಸಮನ್ಸು ತಲುಪಿದ ಪ್ರತಿವಾದಿಯ ಲಿಖಿತ ಹೇಳಿಕೆಗೂ 30 ದಿನಗಳ ಗಡುವೇ. ನ್ಯಾಯಾಲಯ ಅದನ್ನು 90 ದಿನಗಳವರೆಗೆ ವಿಸ್ತರಿಸಬಹುದು.

ವಕೀಲರ ತಪ್ಪಿಗೆ ಕಕ್ಷಿದಾರ ಶಿಕ್ಷೆ ಅನುಭವಿಸಬೇಕೆ? 1981ರ ರಫೀಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಳ್ಳಿಯ ಕಕ್ಷಿದಾರನ ಪರವಾಗಿ ನಿಂತಿತು. ವಕೀಲರನ್ನು ನೇಮಿಸಿ, ಶುಲ್ಕ ಕೊಟ್ಟು ಊರಿಗೆ ಮರಳಿದವನು ವಕೀಲರ ಮೇಲೆ ಕಾವಲು ಕೂರಬೇಕಿಲ್ಲವೆಂಬುದು ಅದರ ಸಾರ. ಆದರೆ 1993ರ ಸಲಿಲ್ ದತ್ತಾ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಆ ತತ್ವ ಎಲ್ಲರಿಗೂ ಅನ್ವಯಿಸುವುದಿಲ್ಲ, ತಿಳಿದ ನಗರವಾಸಿ ಕಕ್ಷಿದಾರ ವಕೀಲರತ್ತ ಬೆರಳು ತೋರಿಸಿ ಪಾರಾಗಲಾರ ಎಂದಿತು. ಮೊಬೈಲ್ ಇರುವ ಈ ಕಾಲದಲ್ಲಿ ಹುಲೇಕಲ್‌ನ ಬೆಳೆಗಾರ ಯಾವ ಸಾಲಿಗೆ ಸೇರುತ್ತಾನೆಂಬುದು ಆಯಾ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು.

ಇದಕ್ಕೆ ಇಂದು ಸುಲಭ ಉಪಾಯವೊಂದಿದೆ. ಜಿಲ್ಲಾ ಹಾಗೂ ತಾಲ್ಲೂಕು ನ್ಯಾಯಾಲಯಗಳ ಪ್ರಕರಣಗಳಿಗೆ 16 ಅಕ್ಷರ-ಅಂಕಿಗಳ ಸಿಎನ್ಆರ್ ಸಂಖ್ಯೆ ಇರುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಆ ಸಂಖ್ಯೆ ನಮೂದಿಸಿದರೆ ಮುಂದಿನ ತಾರೀಖು, ಯಾವ ಹಂತ, ಹಿಂದಿನ ದಿನ ಏನಾಯಿತು ಎಂಬುದೆಲ್ಲ ತಿಳಿಯುತ್ತದೆ. ಬೆಂಗಳೂರಿನಲ್ಲಿರುವ ಮಗಳೋ ಮಗನೋ ಅಲ್ಲಿಂದಲೇ ನೋಡಿ ಅಪ್ಪನಿಗೆ ಫೋನು ಮಾಡಬಹುದು. ವಕೀಲರಿಂದ ಮೊದಲು ಪಡೆಯಬೇಕಾದದ್ದು ಭರವಸೆಯಲ್ಲ, ಈ ಸಂಖ್ಯೆ.

ವಕೀಲರನ್ನು ಬದಲಿಸುವುದು

ಸಣ್ಣ ಊರಿನ ವಕೀಲರ ಸಂಘದಲ್ಲಿ ಎಲ್ಲರೂ ಎಲ್ಲರಿಗೂ ಪರಿಚಿತರು. ಒಬ್ಬರನ್ನು ಬಿಟ್ಟು ಇನ್ನೊಬ್ಬರ ಬಳಿ ಹೋದರೆ ಮೊದಲು ಕೇಳುವುದೇ ಹಿಂದಿನವರ ಒಪ್ಪಿಗೆ ಪತ್ರ. ಈ ಪದ್ಧತಿಗೆ ಆಧಾರ ಪರಿಷತ್ತಿನ 39ನೇ ನಿಯಮ. ಆದರೆ ಒಪ್ಪಿಗೆ ಸಿಗದಿದ್ದರೆ ಕಾರಣ ತಿಳಿಸಿ ನ್ಯಾಯಾಲಯದ ಅನುಮತಿ ಪಡೆಯಬಹುದೆಂದು ಅದೇ ನಿಯಮದಲ್ಲಿದೆ. ಬಾಕಿ ಶುಲ್ಕ ಕೊಡುವವರೆಗೆ ಕಡತ ಕೊಡುವುದಿಲ್ಲ ಎನ್ನುವ ಹಕ್ಕು ವಕೀಲರಿಗೆ ಇಲ್ಲ. ಭೋಪಾಲದ ಸಹಕಾರಿ ಬ್ಯಾಂಕೊಂದರ ವಕೀಲರು 97,100 ರೂಪಾಯಿ ಶುಲ್ಕ ಬಾಕಿಯೆಂದು ಕಡತಗಳನ್ನು ಇಟ್ಟುಕೊಂಡಾಗ, ಅದು ದುರ್ನಡತೆಯೆಂದು 2000ದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಶುಲ್ಕ ಬಾಕಿಯಿದ್ದರೆ ವಕೀಲರು ದಾವೆ ಹೂಡಿ ವಸೂಲು ಮಾಡಿಕೊಳ್ಳಬೇಕು. ಮೂಲ ಪತ್ರಗಳನ್ನು, ಅದರಲ್ಲಿಯೂ ಹಳೆಯ ಪಾಲುಪಟ್ಟಿಗಳನ್ನು, ಕೊಟ್ಟಾಗ ಒಂದು ಪಟ್ಟಿ ಮಾಡಿ ಸಹಿ ಪಡೆದಿದ್ದರೆ ಈ ಘಟ್ಟದಲ್ಲಿ ಬಹಳ ಉಪಯೋಗ.

ವಕೀಲರ ಮಾತನ್ನೂ ಇಲ್ಲಿ ಕೇಳಬೇಕು. ಸೋಲುವ ದಾಖಲೆಯನ್ನು ಬಚ್ಚಿಟ್ಟು ಗೆಲ್ಲುವ ದಾಖಲೆಯನ್ನಷ್ಟೇ ತರುವ ಕಕ್ಷಿದಾರರಿದ್ದಾರೆ. ಸಾಕ್ಷಿ ಹೇಳಬೇಕಾದ ದಿನವೇ ಮದುವೆಗೆ ಹೋಗುವವರಿದ್ದಾರೆ. ಗೆದ್ದ ಮೇಲೆ ಬಾಕಿ ಶುಲ್ಕ ಮರೆಯುವವರ ಸಂಖ್ಯೆ ಸೋತವರಿಗಿಂತ ಹೆಚ್ಚೆಂದು ವಕೀಲರು ನಗುತ್ತಲೇ ಹೇಳುತ್ತಾರೆ.

ನಿಜವಾಗಿಯೂ ಅನ್ಯಾಯವಾಗಿದ್ದರೆ ಗ್ರಾಹಕ ವೇದಿಕೆಗೆ ಹೋಗಬಹುದೆಂಬ ನಂಬಿಕೆ ಹಲವರಲ್ಲಿದೆ. 2007ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹಾಗೆಯೇ ಹೇಳಿತ್ತು. ಆದರೆ 2024ರ ಮೇ 14ರಂದು ಡಿ.ಕೆ. ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ಸೇವಾ ನ್ಯೂನತೆಯ ಹೆಸರಿನಲ್ಲಿ ವಕೀಲರ ವಿರುದ್ಧ ಗ್ರಾಹಕ ದೂರು ನಿಲ್ಲುವುದಿಲ್ಲವೆಂದು ತೀರ್ಪಿತ್ತಿದೆ. ಉಳಿದಿರುವುದು ಸಿವಿಲ್ ನ್ಯಾಯಾಲಯ, ಮೋಸವಾಗಿದ್ದರೆ ಪೊಲೀಸು, ದುರ್ನಡತೆಯಾದರೆ ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತು. 1961ರ ವಕೀಲರ ಕಾಯ್ದೆಯ 35ನೇ ಕಲಮಿನಡಿ ಅದರ ಶಿಸ್ತು ಸಮಿತಿ ಛೀಮಾರಿ ಹಾಕಬಹುದು, ಸನದು ಅಮಾನತು ಮಾಡಬಹುದು, ಹೆಸರನ್ನೇ ತೆಗೆದುಹಾಕಬಹುದು. ಒಂದು ವರ್ಷದೊಳಗೆ ತೀರ್ಮಾನವಾಗದ ದೂರು ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗಬೇಕು. ವಕೀಲರ ಮೇಲಿನ ದೂರನ್ನು ವಕೀಲರೇ ವಿಚಾರಿಸುವ ಈ ಏರ್ಪಾಡು ಹಳ್ಳಿಯವನಲ್ಲಿ ವಿಶ್ವಾಸ ಹುಟ್ಟಿಸುವುದು ಕಷ್ಟ. ಗ್ರಾಹಕ ವೇದಿಕೆಯ ಬಾಗಿಲು ಮುಚ್ಚಿದ ಮೇಲಂತೂ ಈ ಸಮಿತಿಗಳು ಚುರುಕಾಗದೆ ಗತ್ಯಂತರವಿಲ್ಲ.

ಶುಲ್ಕ ಕೊಡುವ ಶಕ್ತಿಯೇ ಇಲ್ಲದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ದೊರೆಯುತ್ತಾರೆ. ಅಣ್ಣನ ಮೇಲೆ ಪಾಲಿನ ದಾವೆ ಹೂಡಬಯಸುವ ತಂಗಿಗೂ ಇದು ಲಭ್ಯವೆಂಬುದು ಅನೇಕರಿಗೆ ಗೊತ್ತಿಲ್ಲ. ದೂರವಾಣಿ ಸಂಖ್ಯೆ 15100. ಇದೇ ಕಾಯ್ದೆಯಡಿ ನಡೆಯುವ ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ಮರಳುತ್ತದೆ, ಅಲ್ಲಿನ ತೀರ್ಮಾನಕ್ಕೆ ಡಿಕ್ರಿಯ ಬಲವಿರುತ್ತದೆ. ಅದರ ಮೇಲೆ ಮೇಲ್ಮನವಿ ಇಲ್ಲ. ರಾಜಿ ಪತ್ರದಲ್ಲಿ ಯಾವ ಸರ್ವೆ ನಂಬರು ಯಾರಿಗೆ, ಬೆಟ್ಟದ ಸವಲತ್ತು ಯಾರ ತೋಟಕ್ಕೆ, ದಾರಿ ಎಲ್ಲಿಂದ ಎಂಬುದನ್ನು ಸಹಿಗೆ ಮುನ್ನವೇ ವಕೀಲರಿಂದ ಓದಿಸಿ ಕೇಳಿಕೊಳ್ಳಬೇಕಾಗುತ್ತದೆ.