ಮಳೆನಾಡಿನಲ್ಲೊಂದು ಆಟದ ಗಣಕಯಂತ್ರ

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ, ಎಂದರೆ ಎಲ್ಲರ ಬಾಯಲ್ಲಿ ಎಸ್.ಪಿ. ರೋಡ್ ಎನಿಸಿಕೊಂಡಿರುವ ಬೀದಿಯಲ್ಲಿ, ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ತಂದು ತಮ್ಮ ಗಣಕಯಂತ್ರವನ್ನು ತಾವೇ ಕೂಡಿಸಿಕೊಳ್ಳುವ ತರುಣರು ಈಗ ಮಲೆನಾಡಿನ ಹಳ್ಳಿಗಳಲ್ಲಿಯೂ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಬೇಕಾದುದು ಆಟದ ಯಂತ್ರ. ಕಛೇರಿಯ ಗಣಕವು ನೂರು ವ್ಯಾಟಿನೊಳಗೆ ತೃಪ್ತವಾದರೆ, ಇದು ಆಟದ ಭರದಲ್ಲಿ ನಾನೂರು ವ್ಯಾಟನ್ನು ಕೇಳಬಹುದು. ಹೀಗೆ ಒಳಹೊಕ್ಕ ವಿದ್ಯುಚ್ಛಕ್ತಿಯು ಹೆಚ್ಚುಕಡಮೆ ಅಷ್ಟೂ ಕೊನೆಗೆ ಉಷ್ಣವಾಗಿ ಹೊರಬೀಳಬೇಕು. ಆದುದರಿಂದ ಯಂತ್ರದ ಹೊರಗಿನ ಗಾಳಿ ಎಂತಹುದು, ಗೋಡೆಯ ಸಾಕೆಟ್ಟಿನಲ್ಲಿ ಬರುವ ವಿದ್ಯುತ್ತು ಎಂತಹುದು ಎಂಬ ಪ್ರಶ್ನೆಗಳು ಈ ಯಂತ್ರದ ಮಟ್ಟಿಗೆ ಬಹಳ ಮುಖ್ಯವಾಗುತ್ತವೆ.

ಇಂತಹ ಯಂತ್ರವೊಂದು ಬೆಂಗಳೂರಿನ ಕೊಠಡಿಯಲ್ಲಿ ತಿಂಗಳುಗಟ್ಟಲೆ ಸರಿಯಾಗಿ ನಡೆದು, ಚಿಕ್ಕಮಗಳೂರಿನಿಂದಾಚೆ ಕಾಫಿ ತೋಟಗಳ ನಡುವೆ ಇರುವ ಮಲ್ಲಂದೂರಿಗೆ ಬಂದೊಡನೆ ಹಟ ಹಿಡಿಯಿತೆನ್ನೋಣ. ಆಟದ ಮಧ್ಯದಲ್ಲಿ ಪರದೆ ಕಪ್ಪಾಗುತ್ತದೆ. ಯಂತ್ರವು ಆರಿ ತಾನೇ ಮತ್ತೆ ಹೊತ್ತಿಕೊಳ್ಳುತ್ತದೆ. “ಗ್ರಾಫಿಕ್ಸ್ ಕಾರ್ಡು ಹೋಗಿದೆ, ಬೇರೆ ಹಾಕಿಸಿ” ಎಂದುಬಿಡುವುದು ಸುಲಭ. ಆದರೆ ಇಡೀ ಯಂತ್ರದ ಬೆಲೆಯಲ್ಲಿ ಅರ್ಧದಷ್ಟು ಆ ಒಂದು ಕಾರ್ಡಿಗೇ ಹೋಗಿರುವುದುಂಟು. ಬೆಂಗಳೂರಿನಲ್ಲಿ ಇಲ್ಲದುದು, ಮಲ್ಲಂದೂರಿನಲ್ಲಿ ಇರುವುದು ಏನು ಎಂದು ವಿಚಾರಿಸದೆ ಆ ಮಾತನ್ನು ಒಪ್ಪಿಕೊಳ್ಳುವುದು ವಿವೇಕವಲ್ಲ.

ಎತ್ತರದ ಪ್ರದೇಶದ ತೆಳುಗಾಳಿಯೇ ಕಾರಣವೆಂದು ಹೇಳುವವರಿದ್ದಾರೆ. ಸಾವಿರ ಮೀಟರು ಎತ್ತರದಲ್ಲಿ ಗಾಳಿಯ ಸಾಂದ್ರತೆಯು ಸಮುದ್ರಮಟ್ಟದಲ್ಲಿರುವುದಕ್ಕಿಂತ ನೂರಕ್ಕೆ ೯ರಷ್ಟು ಕಡಮೆ ಎಂಬುದು ನಿಜ. ಫ್ಯಾನು ಅಷ್ಟೇ ವೇಗವಾಗಿ ತಿರುಗಿದರೂ ಅದು ಹೊತ್ತೊಯ್ಯುವ ಉಷ್ಣವು ಆ ಮಟ್ಟಿಗೆ ತಗ್ಗುತ್ತದೆ. ಆದರೆ ಚಿಕ್ಕಮಗಳೂರು ಪಟ್ಟಣದ ಎತ್ತರ ಸುಮಾರು ೧,೦೯೦ ಮೀಟರಾದರೆ ಬೆಂಗಳೂರೂ ೯೦೦ ಮೀಟರಿಗಿಂತ ಮೇಲೆಯೇ ಇದೆ. ಈ ವಾದವನ್ನು ಮಂಗಳೂರಿನವರು ಹೂಡಬಹುದು. ಅವರಿಗೂ ಒಂದು ಉತ್ತರವಿದೆ: ಸಾವಿರ ಮೀಟರು ಮೇಲೇರಿದರೆ ಗಾಳಿಯ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆಯಾದುದರಿಂದ, ಒಂದು ಕೈಯಲ್ಲಿ ಕಳೆದುಕೊಂಡುದನ್ನು ಘಟ್ಟವು ಇನ್ನೊಂದು ಕೈಯಲ್ಲಿ ಕೊಡುತ್ತದೆ.

ನಿಜವಾದ ಮೊದಲನೆಯ ವ್ಯತ್ಯಾಸವೆಂದರೆ ಪ್ರಯಾಣ. ಗ್ರಾಫಿಕ್ಸ್ ಕಾರ್ಡು ಒಂದು ಕಿಲೋಗ್ರಾಮಿಗೂ ಮೀರಿ ತೂಗುವುದುಂಟು. ಅದು ಮದರ್‌ಬೋರ್ಡಿನ ಸೀಳುಕಂಡಿಯಲ್ಲಿ ಅಡ್ಡಲಾಗಿ ನಿಂತಿರುತ್ತದೆ. ಬಸ್ಸಿನ ಹಿಂಬದಿಯಲ್ಲಿ ಕುಳಿತು ತಿರುವುಗಳನ್ನು ದಾಟಿ ಬಂದ ಪೆಟ್ಟಿಗೆಯಲ್ಲಿ ಆ ಕಾರ್ಡು ಕೂದಲೆಳೆಯಷ್ಟು ಜರುಗಿದರೂ ಸಂಪರ್ಕ ತಪ್ಪೀತು. ಪ್ಲಗ್ಗನ್ನು ಕಿತ್ತು, ಕಾರ್ಡನ್ನೂ ರ‍್ಯಾಮ್ ಪಟ್ಟಿಗಳನ್ನೂ ಹೊರತೆಗೆದು, ‘ಟಿಕ್’ ಎಂಬ ಸದ್ದು ಕೇಳುವವರೆಗೆ ಮತ್ತೆ ಒತ್ತಿ ಕೂರಿಸಬೇಕು. ಅಷ್ಟಕ್ಕೂ ಯಂತ್ರ ಏಳದಿದ್ದರೆ ಅತ್ಯವಶ್ಯವಾದ ಭಾಗಗಳನ್ನು ಮಾತ್ರ ಉಳಿಸಿಕೊಳ್ಳಬೇಕು: ಪವರ್ ಸಪ್ಲೈ, ಮದರ್‌ಬೋರ್ಡು, ಪ್ರೊಸೆಸರು ಮತ್ತು ಅದರ ಫ್ಯಾನು, ಒಂದೇ ಒಂದು ರ‍್ಯಾಮ್ ಪಟ್ಟಿ. ಇಷ್ಟರಿಂದ ಯಂತ್ರವು ಎದ್ದರೆ ಬಿಟ್ಟಿದ್ದ ಭಾಗಗಳನ್ನು ಒಂದೊಂದಾಗಿ ಸೇರಿಸುತ್ತ ಬರುವುದು. ಒಂದು ಸಲಕ್ಕೆ ಒಂದೇ ಬದಲಾವಣೆ! ಎರಡನ್ನು ಒಟ್ಟಿಗೆ ಬದಲಿಸಿ ಯಂತ್ರ ಸರಿಹೋದರೆ ಸಂತೋಷವೇನೋ ಆದೀತು. ದೋಷವೆಲ್ಲಿತ್ತೆಂಬುದು ಮಾತ್ರ ತಿಳಿಯದು. ಪ್ರೊಸೆಸರಿನೊಳಗೆ ಚಿತ್ರ ಬರೆಯುವ ಭಾಗವೇ ಇಲ್ಲದ ಮಾದರಿಗಳೂ ಇರುವುವು. ಅಂಥವುಗಳ ಪರೀಕ್ಷೆಯಲ್ಲಿ ಕಾರ್ಡನ್ನು ಬಿಡುವಂತಿಲ್ಲ. ಕಾರ್ಡಿಗೆ ಜೋಡಿಸಬೇಕಾದ ಪರದೆಯ ಕೇಬಲನ್ನು ಮದರ್‌ಬೋರ್ಡಿಗೆ ಜೋಡಿಸಿ, ಚಿತ್ರ ಬರಲಿಲ್ಲವೆಂದು ರಾತ್ರಿಯಿಡೀ ಚಿಂತಿಸಿದವರನ್ನು ನಾವು ಬಲ್ಲೆವು.

ಎರಡನೆಯ ವ್ಯತ್ಯಾಸ ವಿದ್ಯುತ್ತಿನದು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು.

ಮಲ್ಲಂದೂರಿನ ಬಳಿಯ ತೋಟವೊಂದರಲ್ಲಿ ರೈಟರಾಗಿರುವವರ ಮಗನೊಬ್ಬ ನಮ್ಮ ವಿದ್ಯಾರ್ಥಿ. ಎರಡು ಕೊಯ್ಲುಗಳ ರಜೆಯಲ್ಲಿ ದುಡಿದ ಹಣಕ್ಕೆ ಮನೆಯವರ ಉಳಿತಾಯವನ್ನೂ ಸೇರಿಸಿ ಯಂತ್ರವನ್ನು ಕಟ್ಟಿದ್ದನು. ಫೆಬ್ರುವರಿಯಲ್ಲಿ ಅದು ಆಟದ ನಡುವೆ ಆರತೊಡಗಿತು. ಅಂಗಡಿಯವರು ಕಾರ್ಡಿನ ಮೇಲೆ ದೋಷ ಹೊರಿಸಿದರು. ಹೊಸ ಕಾರ್ಡಿಗೆ ಸಾಲ ಮಾಡುವುದೋ, ಯಂತ್ರವನ್ನೇ ಸಿಕ್ಕಿದ ಬೆಲೆಗೆ ಮಾರಿಬಿಡುವುದೋ ಎಂದು ಮನೆಯಲ್ಲಿ ಮಾತು ನಡೆದಿತ್ತು. ನಾವು ಆತನಿಗೆ ಹೇಳಿದುದು ಇಷ್ಟೆ: ಒಂದು ವಾರ ಏನನ್ನೂ ಕೊಳ್ಳಬೇಡ, ಒಂದು ಮಲ್ಟಿಮೀಟರನ್ನೂ ನೋಟ್ ಪುಸ್ತಕವನ್ನೂ ಇಟ್ಟುಕೊಂಡು, ಯಂತ್ರ ಆರಿದ ಹೊತ್ತನ್ನೂ ಆಗ ಸಾಕೆಟ್ಟಿನಲ್ಲಿದ್ದ ವೋಲ್ಟೇಜನ್ನೂ ಬರೆ. ಸಾಕೆಟ್ಟಿನ ಅಳತೆಯನ್ನು ತಿಳಿದವರ ಎದುರಿನಲ್ಲಿಯೇ ಮಾಡಬೇಕೆಂದೂ ಎಚ್ಚರಿಸಿದೆವು. ವಾರದ ಕೊನೆಗೆ ಪುಸ್ತಕವೇ ಉತ್ತರ ಹೇಳಿತು. ಯಂತ್ರವು ಆರಿದುದೆಲ್ಲ ಸಂಜೆ ಆರರಿಂದ ಒಂಬತ್ತರ ಒಳಗೆ. ಆಗಿನ ವೋಲ್ಟೇಜು ೧೬೫ರ ಆಸುಪಾಸು. ರಾತ್ರಿ ಹನ್ನೊಂದರ ಮೇಲೆ ಅದೇ ಸಾಕೆಟ್ಟಿನಲ್ಲಿ ೨೨೦. ಆಗ ಅದೇ ಆಟವು ನಿರಾತಂಕವಾಗಿ ನಡೆಯುತ್ತಿತ್ತು. ಕೆಟ್ಟ ಕಾರ್ಡಿಗೆ ಗಡಿಯಾರ ನೋಡುವ ಅಭ್ಯಾಸವಿರಲಾರದು.

ಫೆಬ್ರುವರಿ, ಮಾರ್ಚಿಯಲ್ಲಿ ಹೂಮಳೆ ತಡವಾದರೆ ತೋಟಗಳಲ್ಲಿ ಸ್ಪ್ರಿಂಕ್ಲರುಗಳನ್ನು ಹೂಡಿ ಕಾಫಿಯ ಹೂ ಅರಳಿಸುವುದು ಕಾಫಿನಾಡಿನ ಓದುಗರಿಗೆಲ್ಲ ಗೊತ್ತು. ಆ ಸಂಜೆಗಳಲ್ಲಿ ಸುತ್ತಿನ ತೋಟಗಳ ಪಂಪುಗಳು ಓಡುತ್ತಿದ್ದುವು. ಉದ್ದವಾದ ತಂತಿಯಲ್ಲಿ ಹೆಚ್ಚು ಪ್ರವಾಹ ಹರಿದಷ್ಟೂ ತಂತಿಯ ರೋಧದಿಂದಾಗಿ ದಾರಿಯಲ್ಲೇ ಸೋರಿಹೋಗುವ ವೋಲ್ಟೇಜೂ ಹೆಚ್ಚು. ಇದು ಓಮನ ನಿಯಮ. ಸಾಲದುದಕ್ಕೆ ಮೋಟಾರೊಂದು ಹೊರಡುವ ಕ್ಷಣದಲ್ಲಿ ಓಟದ ಪ್ರವಾಹದ ಐದಾರು ಪಟ್ಟನ್ನು ಎಳೆಯುತ್ತದೆ. ಆ ಕ್ಷಣದಲ್ಲಿ ಮನೆಯ ದೀಪ ಮಂಕಾಗುವುದನ್ನು ಯಾರೂ ನೋಡಬಹುದು.

ದೀಪ ಮಂಕಾಗಿ ಮತ್ತೆ ಬೆಳಗುತ್ತದೆ; ಗಣಕಕ್ಕೆ ಅಂತಹ ಸಹನೆಯಿಲ್ಲ. ಪವರ್ ಸಪ್ಲೈಯೊಳಗೆ ಕೆಪ್ಯಾಸಿಟರ್ ಎಂಬ ವಿದ್ಯುತ್ ಧಾರಕವಿದೆ. ತೋಟದ ನೀರಿನ ತೊಟ್ಟಿಯಂತೆ ಅದು ಬರುವ ವಿದ್ಯುತ್ತನ್ನು ತುಂಬಿಕೊಂಡು, ಹೊರಗಿನ ಪೂರೈಕೆ ಕ್ಷಣಕಾಲ ತಪ್ಪಿದರೂ ಒಳಗಿನ ಭಾಗಗಳಿಗೆ ಹರಿಸುತ್ತಿರುತ್ತದೆ. ಪೂರ್ಣ ಹೊರೆಯಲ್ಲಿ ಆ ತೊಟ್ಟಿ ಬರುವುದು ಒಂದು ಸೆಕೆಂಡಿನ ಅರುವತ್ತನೆಯ ಒಂದು ಭಾಗದಷ್ಟು ಹೊತ್ತು ಮಾತ್ರ. ಧಾರಕದಲ್ಲಿ ಶೇಖರವಾಗುವ ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ೨೩೦ ಇರಬೇಕಾದಲ್ಲಿ ೧೬೫ ಇದ್ದರೆ ವೋಲ್ಟೇಜು ಮುಕ್ಕಾಲು ಪಾಲಿಗಿಂತ ಸ್ವಲ್ಪ ಕಡಮೆ, ಶಕ್ತಿಯಾದರೋ ಅರ್ಧ! ಆ ಅರ್ಧದಲ್ಲಿಯೂ ಒಂದು ಮಟ್ಟಕ್ಕಿಂತ ಕೆಳಗಿನದು ಉಪಯೋಗಕ್ಕೆ ಬಾರದು. ಇತ್ತ ಯಂತ್ರದ ಬೇಡಿಕೆ ಮಾತ್ರ ಕುಗ್ಗುವುದಿಲ್ಲ. ನಾನೂರು ವ್ಯಾಟನ್ನು ಒಳಗೆ ಕೊಡಲು ಸಪ್ಲೈಯು ಹೊರಗಿನಿಂದ ೪೭೦ ವ್ಯಾಟನ್ನು ಎಳೆಯುವುದೆಂದಿಟ್ಟುಕೊಂಡರೆ, ೨೩೦ ವೋಲ್ಟಿನಲ್ಲಿ ಪ್ರವಾಹವು ಸುಮಾರು ೨ ಆಂಪಿಯರು, ೧೬೫ರಲ್ಲಿ ೨.೮೫. ತಂತಿ ಕಾಯುವುದು ಪ್ರವಾಹದ ವರ್ಗದಂತೆ ಆದುದರಿಂದ, ಬಿಸಿಯಾಗುವಿಕೆ ಹತ್ತಿರಹತ್ತಿರ ಇಮ್ಮಡಿ. ಇದರ ಮೇಲೆ ಆಟದಲ್ಲಿ ಸ್ಫೋಟದ ದೃಶ್ಯವೊಂದು ಬಂದಿತೆಂದರೆ ಗ್ರಾಫಿಕ್ಸ್ ಕಾರ್ಡು ಮಿಲಿಸೆಕೆಂಡುಗಳ ಕಾಲ ತನ್ನ ಸರಾಸರಿಯ ಇಮ್ಮಡಿಯನ್ನು ಕೇಳುವುದುಂಟು. ತೊಟ್ಟಿ ಬರಿದಾಗುತ್ತದೆ, ಯಂತ್ರ ಆರುತ್ತದೆ. ಇಂತಹ ಹಠಾತ್ ಬೇಡಿಕೆಗಳನ್ನು ತಾಳುವ ಸಾಮರ್ಥ್ಯವನ್ನು ೨೦೨೨ರ ಎ.ಟಿ.ಎಕ್ಸ್. ೩.೦ ಎಂಬ ನಿಯಮಾವಳಿಯು ಪವರ್ ಸಪ್ಲೈಗಳಿಗೆ ವಿಧಿಸಿದೆ.

ಆ ವಿದ್ಯಾರ್ಥಿಯ ಸಪ್ಲೈಯ ಮೇಲಿನ ಚೀಟಿಯಲ್ಲಿ ೨೦೦–೨೪೦ ವೋಲ್ಟು ಎಂದು ಅಚ್ಚಾಗಿತ್ತು. ೧೦೦–೨೪೦ ಎಂದಿರುವವುಗಳ ರಚನೆಯೇ ಬೇರೆ: ಹೊರಗಿನ ವೋಲ್ಟೇಜು ಎಷ್ಟೇ ಇರಲಿ, ಅವು ಅದನ್ನು ನಾನೂರರ ಸಮೀಪಕ್ಕೆ ಏರಿಸಿಯೇ ಧಾರಕಕ್ಕೆ ತುಂಬುತ್ತವೆ, ಆದಕಾರಣ ತೊಟ್ಟಿ ಯಾವಾಗಲೂ ತುಂಬಿರುತ್ತದೆ. ಕಾರ್ಡನ್ನು ಪೇಟೆಯಲ್ಲಿ ಸ್ನೇಹಿತನೊಬ್ಬನ ಯಂತ್ರಕ್ಕೆ ಹಾಕಿ ಮೂರು ಗಂಟೆ ಆಡಿಸಿ, ಅದು ನಿರ್ದೋಷಿಯೆಂದು ಖಚಿತಪಡಿಸಿಕೊಂಡ ಮೇಲೆಯೇ ಸಪ್ಲೈಯನ್ನು ಬದಲಿಸಿದುದು. ಕಾರ್ಡಿನ ಬೆಲೆಯ ಒಂದಂಶದಲ್ಲಿ ಕೆಲಸ ಮುಗಿಯಿತು. ಹಳೆಯ ಸಪ್ಲೈಯನ್ನು ಬಿಚ್ಚಿ ನೋಡುವ ಆಸೆ ಆತನಿಗಿತ್ತು, ನಾವು ಬಿಡಲಿಲ್ಲ. ಪ್ಲಗ್ಗನ್ನು ಕಿತ್ತ ಮೇಲೂ ಆ ಧಾರಕದಲ್ಲಿ ಮುನ್ನೂರಕ್ಕೂ ಹೆಚ್ಚು ವೋಲ್ಟು ಉಳಿದಿರಬಹುದು. ಮಿಕ್ಕೆಲ್ಲ ಭಾಗಗಳನ್ನೂ ವಿದ್ಯಾರ್ಥಿಯು ಧೈರ್ಯವಾಗಿ ಮುಟ್ಟಲಿ, ಈ ಪೆಟ್ಟಿಗೆಯನ್ನು ಮಾತ್ರ ಬಿಚ್ಚಕೂಡದು.

ಯಂತ್ರದ ಲೋಹದ ಮೈಗೆ ಬೆರಳಿನ ಹಿಂಬದಿ ತಾಗಿದಾಗ ಜುಮ್ಮೆನ್ನುವುದೆಂದು ಅನೇಕರು ಹೇಳುವುದುಂಟು. ಸಪ್ಲೈಯ ಬಾಯಲ್ಲಿ ಎರಡು ಸಣ್ಣ ಧಾರಕಗಳು ಫೇಸಿನಿಂದ ಮೈಗೊಂದು, ನ್ಯೂಟ್ರಲ್ಲಿನಿಂದ ಮೈಗೊಂದು ಜೋಡಣೆಯಾಗಿರುತ್ತವೆ. ಅರ್ತ್ ಇಲ್ಲದ ಮನೆಯಲ್ಲಿ ಇವೆರಡರ ನಡುವೆ ಸಿಕ್ಕ ಮೈಯು ೨೩೦ರ ಅರ್ಧದಷ್ಟು, ಎಂದರೆ ೧೧೫ ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಆ ಧಾರಕವು ೨.೨ ನ್ಯಾನೋಫ್ಯಾರಡ್ ಆಗಿದ್ದರೆ ಮುಟ್ಟಿದವನ ಮೂಲಕ ಹರಿಯುವುದು ಒಂದು ಮಿಲಿಆಂಪಿಯರಿನ ಆರನೆಯ ಒಂದು ಭಾಗ ಮಾತ್ರ, ಅದರಿಂದ ಪ್ರಾಣಭಯವಿಲ್ಲ. ಭಯವಿರುವುದು ಬೇರೆ ಕಡೆ. ಮೂರನೆಯ ಪಿನ್ನಿಗೆ ನೆಲದ ಸಂಬಂಧವೇ ಇಲ್ಲವೆಂಬುದನ್ನು ಆ ಜುಮ್ಮು ತಿಳಿಸುತ್ತಿದೆ. ನಾಳೆ ಒಳಗಿನ ತಂತಿಯೊಂದು ಮೈಗೆ ತಾಗಿದರೆ ಫ್ಯೂಸು ಹೋಗದು; ಮೈಯಲ್ಲಿ ಪೂರ್ಣ ೨೩೦ ವೋಲ್ಟು ನಿಂತಿರುವುದು. ಸಿಡಿಲಿನ ಕಾಲಕ್ಕೆಂದು ಕೊಂಡ ರಕ್ಷಕ ಪಟ್ಟಿಯೂ ನೆಲದ ದಾರಿಯಿಲ್ಲದೆ ಬಹುಮಟ್ಟಿಗೆ ನಿಷ್ಫಲ. ಬಣ್ಣದ ದೀಪಗಳಿಗೆ ಹಣ ಸುರಿಯುವ ಮೊದಲು ಇದ್ದಿಲು, ಉಪ್ಪು ಹಾಕಿದ ಒಂದು ಅರ್ತ್ ಗುಂಡಿಯನ್ನು ಎಲೆಕ್ಟ್ರಿಷಿಯನ್ನರಿಂದ ತೋಡಿಸುವುದು ಮೇಲು. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಪ್ಲಗ್ಗನ್ನೂ ತಾಮ್ರದ ನೆಟ್‌ವರ್ಕ್ ಕೇಬಲನ್ನೂ ಕಿತ್ತಿಡಬೇಕು. ಗಾಜಿನ ಎಳೆಯ ಕೇಬಲು ವಿದ್ಯುತ್ತನ್ನು ಒಯ್ಯುವುದಿಲ್ಲವಾದರೂ ಅದರ ಕೊನೆಯ ಡಬ್ಬಿಗೆ ಗೋಡೆಯ ವಿದ್ಯುತ್ತು ಬೇಕೇ ಬೇಕಲ್ಲವೆ?

ಇನ್ನು ಮಳೆಗಾಲ. ಜುಲೈಯಲ್ಲಿ ಮಲ್ಲಂದೂರಿನ ಮನೆಗಳಲ್ಲಿ ಚಪ್ಪಲಿಗೂ ಪುಸ್ತಕಕ್ಕೂ ಬೂಸು ಹಿಡಿಯುತ್ತದೆ. ಹೀಗಿರುವಾಗ ಯಂತ್ರವನ್ನು ಮಳೆ ಮುಗಿಯುವವರೆಗೆ ಮುಚ್ಚಿಡುವುದೇ ಲೇಸೆಂದು ಹಿರಿಯರಿಗೆ ತೋರುವುದು ಸಹಜ. ಭೌತಶಾಸ್ತ್ರವು ಇದಕ್ಕೆ ವಿರುದ್ಧವಾದುದನ್ನು ಹೇಳುತ್ತದೆ. ೨೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಘನ ಮೀಟರು ಗಾಳಿಯು ಹೆಚ್ಚೆಂದರೆ ೧೭ ಗ್ರಾಮಿನಷ್ಟು ನೀರಾವಿಯನ್ನು ಹಿಡಿಯಬಲ್ಲುದು. ೩೫ ಡಿಗ್ರಿಯಲ್ಲಾದರೆ ಸುಮಾರು ೪೦ ಗ್ರಾಂ. ಕೋಣೆಯ ಗಾಳಿಯು ೨೦ ಡಿಗ್ರಿಯಲ್ಲಿ ನೂರಕ್ಕೆ ೯೫ರಷ್ಟು ಆರ್ದ್ರವಾಗಿದ್ದರೂ ಅದೇ ಗಾಳಿ ಓಡುತ್ತಿರುವ ಯಂತ್ರದೊಳಕ್ಕೆ ಹೋಗಿ ೩೫ ಡಿಗ್ರಿಗೆ ಕಾದರೆ, ಅದರ ಸಾಪೇಕ್ಷ ಆರ್ದ್ರತೆಯು ನಲವತ್ತರ ಆಸುಪಾಸಿಗೆ ಇಳಿಯುತ್ತದೆ. ನೀರು ಅಷ್ಟೇ ಇದೆ; ಗಾಳಿಯ ಹಸಿವು ಹೆಚ್ಚಿದೆ. ಓಡುತ್ತಿರುವ ಯಂತ್ರವು ತನ್ನನ್ನು ತಾನೇ ಒಣಗಿಸಿಕೊಳ್ಳುತ್ತದೆ, ಸುಮ್ಮನಿರುವ ಯಂತ್ರವು ಥಂಡಿ ಹಿಡಿಯುತ್ತದೆ. ಮಳೆಗಾಲದಲ್ಲಿ ದಿನಕ್ಕೊಂದು ಗಂಟೆ ಅದನ್ನು ಓಡಿಸಲು ಇದಕ್ಕಿಂತ ಗಟ್ಟಿಯಾದ ಕಾರಣ ಯಾವ ವಿದ್ಯಾರ್ಥಿಗೂ ದೊರೆಯದು!

ಕೆಡುಕು ಮಾಡುವುದು ಬರಿಯ ತೇವವಲ್ಲ, ಧೂಳು ಕೂಡಿದ ತೇವ. ಮಂಗಳೂರಿನ ಉಗ್ರಾಣಗಳಲ್ಲಿ ಮುಂಗಾರಿನ ಗಾಳಿಗೆ ಒಡ್ಡಿದ ಕಾಫಿ ಬೀಜವು ತೇವ ಹೀರಿ ಉಬ್ಬಿ ಬಿಳಿಚಿಕೊಳ್ಳುವಂತೆ, ಮದರ್‌ಬೋರ್ಡಿನ ಮೇಲಿನ ಧೂಳೂ ತೇವವನ್ನು ಹೀರುತ್ತದೆ. ಅದರಲ್ಲಿರುವ ಲವಣಗಳು ಕರಗಿ, ಕೂದಲೆಳೆಯ ಅಂತರದಲ್ಲಿರುವ ಎರಡು ತಂತಿಗಳ ನಡುವೆ ವಿದ್ಯುತ್ತು ಸೋರುವ ದಾರಿಯಾಗುತ್ತದೆ. ಆದುದರಿಂದ ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಮೃದುವಾದ ಕುಂಚದಿಂದ ಧೂಳು ತೆಗೆಯಬೇಕು. ರ‍್ಯಾಮ್ ಪಟ್ಟಿಯ ಚಿನ್ನದ ಲೇಪದ ಅಂಚನ್ನು ರಬ್ಬರಿನಿಂದ ತಿಕ್ಕುವ ಪದ್ಧತಿಯನ್ನು ನಾವು ಮೆಚ್ಚುವುದಿಲ್ಲ. ರಬ್ಬರು ಆ ತೆಳುವಾದ ಲೇಪವನ್ನೇ ಸವೆಸುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿದರೆ ಸಾಕು. ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೆಲವರು ಪೆಟ್ಟಿಗೆಯೊಳಗೆ ಇಡುತ್ತಾರೆ. ನಾಲ್ಕೂ ಕಡೆ ಕಿಂಡಿಗಳಿರುವ ಪೆಟ್ಟಿಗೆಯಲ್ಲಿ ಅವು ಮಲೆನಾಡಿನ ಆಕಾಶವನ್ನೇ ಒಣಗಿಸಹೊರಟಂತೆ.

ಯಂತ್ರವನ್ನು ತನಗೆ ಬೇಕಾದಂತೆ ತಿದ್ದಿಕೊಳ್ಳುವುದೆಂದರೆ ವೇಗ ಹೆಚ್ಚಿಸುವುದೆಂದೇ ಬಹುಮಂದಿಯ ಎಣಿಕೆ. ತಗ್ಗಿಸುವುದರಲ್ಲಿಯೂ ಒಂದು ಜಾಣತನವಿದೆ. ವೋಲ್ಟೇಜು ಕುಸಿಯುವ ಊರಿನಲ್ಲಿ ಅದೇ ಹೆಚ್ಚಿನದೆಂದು ನಮ್ಮ ಅಭಿಪ್ರಾಯ. ಚಿಪ್ಪಿನ ಒಳಗೆ ಟ್ರಾನ್ಸಿಸ್ಟರುಗಳು ತೆರೆದು ಮುಚ್ಚುವುದಕ್ಕೆ ವ್ಯಯವಾಗುವ ಸಾಮರ್ಥ್ಯವು ಅವುಗಳ ಆವರ್ತಾಂಕಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ವೇಗವನ್ನು ಹಾಗೆಯೇ ಇಟ್ಟು ವೋಲ್ಟೇಜನ್ನು ಮಾತ್ರ ನೂರಕ್ಕೆ ಹತ್ತರಷ್ಟು ತಗ್ಗಿಸಿದರೆ ಈ ವ್ಯಯವು ನೂರಕ್ಕೆ ೧೯ರಷ್ಟು ತಗ್ಗುತ್ತದೆ. ತಯಾರಕರು ಸ್ವಲ್ಪ ಅಂತರವಿಟ್ಟೇ ವೋಲ್ಟೇಜನ್ನು ಗೊತ್ತುಮಾಡಿರುವುದರಿಂದ ಅನೇಕ ಚಿಪ್ಪುಗಳು ಇದನ್ನು ಒಪ್ಪಿಕೊಳ್ಳುತ್ತವೆ. ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಇಳಿಸುತ್ತ, ಪ್ರತಿ ಹೆಜ್ಜೆಯಲ್ಲಿಯೂ ಅರ್ಧ ಗಂಟೆ ಆಡಿಸಿ ನೋಡಿ, ಯಂತ್ರ ತಡವರಿಸಿದರೆ ಒಂದು ಹೆಜ್ಜೆ ಹಿಂದಕ್ಕೆ ಬರುವುದು. ಸೆಕೆಂಡಿಗೆ ೬೦ ಚಿತ್ರಗಳನ್ನು ಮಾತ್ರ ತೋರಿಸಬಲ್ಲ ಪರದೆಗೆ ಕಾರ್ಡು ೧೪೦ ಚಿತ್ರಗಳನ್ನು ಬರೆಯುತ್ತಿದ್ದರೆ ಅದನ್ನೂ ೬೦ಕ್ಕೆ ಕಟ್ಟಿಹಾಕಬಹುದು. ಮನೆಯಲ್ಲಿ ಇನ್ವರ್ಟರಿದ್ದು ಅದರ ಬೆನ್ನಿಗೆ ಯು.ಪಿ.ಎಸ್. ಎಂಬ ಗುಂಡಿಯಿದ್ದರೆ ಅದನ್ನು ಒತ್ತಿಡಬೇಕು; ಇಲ್ಲದಿದ್ದರೆ ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಮೇಲೆ ಹೇಳಿದ ತೊಟ್ಟಿ ಬರಿದಾಗಿಬಿಟ್ಟೀತು.

ಫ್ಯಾನುಗಳಲ್ಲಿ ಒಳಗೆ ಊದುವವು ಹೊರಗೆ ಊದುವವುಗಳಿಗಿಂತ ಒಂದು ಹೆಚ್ಚಾಗಿರಲಿ. ಆಗ ಪೆಟ್ಟಿಗೆಯೊಳಗಿನ ಒತ್ತಡವು ತುಸು ಹೆಚ್ಚಿ, ಸಂದುಗಳಲ್ಲಿ ಗಾಳಿಯು ಹೊರಕ್ಕೇ ನುಗ್ಗುತ್ತದೆ. ಧೂಳು ಜಾಲರಿಯಿರುವ ಬಾಗಿಲಿನಿಂದಲೇ ಬರಬೇಕಾಗುತ್ತದೆ. ಬೆಚ್ಚನೆಯ ಜಾಗವನ್ನು ಹುಡುಕಿ ಬರುವ ಹಲ್ಲಿ, ಇರುವೆಗಳಿಗೂ ಆ ಜಾಲರಿಯೇ ತಡೆ. ಗಾಜಿನ ಬದಿಯೊಳಗೆ ಮಿನುಗುವ ಬಣ್ಣದ ದೀಪಗಳು ಮಾತ್ರ ಮೊದಲ ಮಳೆಯ ಸಂಜೆ ರೆಕ್ಕೆಯ ಗೆದ್ದಲುಗಳನ್ನು ಗುಂಪುಗುಂಪಾಗಿ ಕರೆಯುತ್ತವೆ. ಉದುರಿದ ರೆಕ್ಕೆಗಳು ಜಾಲರಿಯನ್ನು ಮುಚ್ಚಿ ಗಾಳಿಯ ದಾರಿಯನ್ನೇ ಕಟ್ಟುತ್ತವೆ. ಆ ದೀಪಗಳನ್ನು ಆರಿಸುವ ಅವಕಾಶವು ಬಹುತೇಕ ಮದರ್‌ಬೋರ್ಡುಗಳ ತಂತ್ರಾಂಶದಲ್ಲಿಯೇ ಇದೆ.